ಮನೆಯ ಮಕ್ಕಳೂ ಗಣಿತದ ಪಾಠವೂ

ಸಂಸಾರಸ್ಥನಾದವನು ಪ್ರತಿ ವರ್ಷವೂ ಬೇಸಗೆಯಲ್ಲಿ ಎರಡು ನಿರ್ಧಾರಗಳನ್ನು ಮಾಡಬೇಕಾಗುವುದು. ಹೊಲಕ್ಕೆ ಯಾವ ಬೀಜವನ್ನು ಹಾಕಬೇಕೆಂಬುದು ಒಂದು. ಮಕ್ಕಳನ್ನು ಯಾವ ಪಾಠಕ್ಕೆ ಹಾಕಬೇಕೆಂಬುದು ಇನ್ನೊಂದು. ಮೊದಲನೆಯದರಲ್ಲಿ ಎಡವಿದರೆ ಒಂದು ಬೆಳೆ ಹೋದೀತು; ಎರಡನೆಯದರಲ್ಲಿ ಎಡವಿದರೆ ಅದನ್ನು ಸರಿಪಡಿಸಿಕೊಳ್ಳಲು ಎಷ್ಟೋ ವರ್ಷಗಳು ಬೇಕಾಗುವುವು. ಹೀಗಿದ್ದರೂ, ಬೀಜದ ವಿಷಯವಾಗಿ ಹತ್ತು ಮಂದಿಯನ್ನು ವಿಚಾರಿಸುವ ನಮ್ಮ ಗೃಹಸ್ಥರು ಪಾಠದ ವಿಷಯವಾಗಿ ಒಬ್ಬರನ್ನೂ ವಿಚಾರಿಸದೆ, "ಹುಡುಗಿಗೆ ಲೆಕ್ಕ ಹತ್ತುವುದಿಲ್ಲ, ಲೆಕ್ಕವಿಲ್ಲದ ಪಾಠಕ್ಕೆ ಸೇರಿಸಿಬಿಡೋಣ" ಎಂದು ಊಟದ ಹೊತ್ತಿನಲ್ಲಿಯೇ ತೀರ್ಮಾನ ಮಾಡಿ ಕೈ ತೊಳೆದುಕೊಳ್ಳುವುದುಂಟು.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಗೃಹಸ್ಥರೊಬ್ಬರು ಈ ವಿಷಯವನ್ನೇ ಕುರಿತು ನಮಗೆ ಬರೆದಿರುವರು. ಅವರ ಮನೆಯಲ್ಲಿ ರೇಷ್ಮೆಸೀರೆಯ ಮಗ್ಗವುಂಟು. ಸ್ವಲ್ಪ ಶೇಂಗಾ ಬೆಳೆಯುವ ಹೊಲವೂ ಉಂಟು. ಮಗಳು ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ, ಗಣಿತದಲ್ಲಿ ಬಂದ ಅಂಕಗಳು ಮಧ್ಯಮವಾದುವು. ಉಪಾಧ್ಯಾಯರು "ಗಣಿತವನ್ನು ಬಿಡಿಸಬೇಡಿ" ಎನ್ನುತ್ತಾರೆ, ನೆಂಟರು "ಹೆಣ್ಣುಮಗುವಿಗೆ ಇಷ್ಟು ತೊಂದರೆ ಏಕೆ?" ಎನ್ನುತ್ತಾರೆ. ಮಗನಾದರೋ ಎರಡು ವರ್ಷಗಳ ಹಿಂದೆ ಪಿ. ಯು. ಸಿ. ಎರಡನೆಯ ವರ್ಷದ ಗಣಿತವೊಂದರಲ್ಲಿಯೇ ನಪಾಸಾಗಿ, ಮನೆಯ ಮಗ್ಗದಲ್ಲಿ ಕುಳಿತು, ಈಗ ಮತ್ತೆ ಓದಬೇಕೆಂದು ಹಟ ಹಿಡಿದಿದ್ದಾನೆ. "ಹೊರದೇಶಗಳಲ್ಲಿ ಸಮುದಾಯ ಕಾಲೇಜುಗಳೆಂಬುವು ಇರುವುವಂತೆ, ವಯಸ್ಸಾದವರೂ ಹೋಗಿ ಲೆಕ್ಕ ಕಲಿಯುವರಂತೆ. ನಮ್ಮ ಕಡೆಯಲ್ಲಿ ಅಂಥದು ಏನುಂಟು? ಕಲಿತರೆ ಮನೆಗೆ ಏನು ಪ್ರಯೋಜನ?" ಎಂಬುದು ಅವರ ಪ್ರಶ್ನೆ. ಇದು ಒಂದು ಮನೆಯ ಪ್ರಶ್ನೆಯಲ್ಲವಾದುದರಿಂದ ಈ ತಿಂಗಳ ಪುಟಗಳನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ ಬಂದಿರುವ ಊರಿಗೂ ಅಂಕೆಗಳಿಗೂ ಹಳೆಯ ನಂಟುಂಟು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂಬ ಒಂದಕ್ಕೊಂದು ಸಮೀಪದ ಮೂರು ನೆಲೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಬಂಡೆಗಳ ಮೇಲೆ ಇರುವುವು. ಕ್ರಿ. ಪೂ. ೩ನೆಯ ಶತಮಾನದ ಈ ಬರಹಗಳನ್ನು ೧೯ನೆಯ ಶತಮಾನದ ಕೊನೆಯ ದಶಕದಲ್ಲಿ ಬಿ. ಎಲ್. ರೈಸ್ ಅವರು ಲೋಕದ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಈ ಸಂದೇಶದಲ್ಲಿ ತಾಯಿತಂದೆಗಳ ಮಾತನ್ನು ಕೇಳಬೇಕು, ಸತ್ಯವನ್ನು ಹೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ನೀತಿಯು ಅಡಕವಾಗಿದೆ. ಇದನ್ನು ಶಾಲೆಯ ಮಕ್ಕಳೂ ಬಲ್ಲರು. ಬ್ರಹ್ಮಗಿರಿಯ ಪಾಠದಲ್ಲಿ ಒಂದು ಸಂಖ್ಯೆಯೂ ಇದೆ ಎಂಬುದನ್ನು ಮಾತ್ರ ಗಮನಿಸುವವರು ಕಡಮೆ. ಅದು ೨೫೬. ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದೆಂದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ.

ಆ ಸಂಖ್ಯೆಯನ್ನು ಬರೆದಿರುವ ಕ್ರಮವೇ ಒಂದು ಪಾಠವಾಗಿದೆ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಬೇರೊಂದು ಗುರುತು, ಆರಕ್ಕೆ ಮತ್ತೊಂದು ಗುರುತು. ಅಂದಿನ ಬರಹಗಾರನಿಗೆ ಸೊನ್ನೆಯ ಸಹಾಯವಿರಲಿಲ್ಲ. ಅಂಕೆಯು ನಿಂತ ಸ್ಥಾನದಿಂದ ಅದರ ಬೆಲೆ ಹೆಚ್ಚುವುದೆಂಬ ಉಪಾಯವೂ ಆ ಬರಹದಲ್ಲಿಲ್ಲ. ಇಂದು ನಮ್ಮ ಒಂದನೆಯ ತರಗತಿಯ ಮಗು ಎರಡು, ಐದು, ಆರು ಎಂಬ ಅಂಕೆಗಳನ್ನು ಸಾಲಾಗಿ ಬರೆದು ಇನ್ನೂರೈವತ್ತಾರು ಎಂದು ಓದುತ್ತದೆ. ಹತ್ತೇ ಗುರುತುಗಳಿಂದ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಬರೆಯಬಲ್ಲ ಆ ಉಪಾಯವು ನಮ್ಮ ದೇಶದವರು ಲೋಕಕ್ಕೆ ಕೊಟ್ಟ ಕಾಣಿಕೆ. ಚಕ್ರವರ್ತಿಯ ಲಿಪಿಕಾರನಿಗೆ ಇಲ್ಲದ ಸಾಧನವು ಇಂದು ಬಡವನ ಮಗುವಿನ ಸ್ಲೇಟಿನ ಮೇಲೆ ಇದೆ. ಇರುವ ಸಾಧನವನ್ನು ಬಳಸದೆ ಬಿಡುವುದೇ ನಷ್ಟ.

ಕರ್ಣಾಟಕದ ಗೃಹಸ್ಥನಿಗೆ ಗಣಿತವು ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಭಿನ್ನರಾಶಿ, ತ್ರೈರಾಶಿಕ, ಬಡ್ಡಿಯ ಲೆಕ್ಕ, ಕ್ಷೇತ್ರಗಳ ಅಳತೆ, ಅಗೆತದ ಲೆಕ್ಕ, ನೆರಳಿನ ಲೆಕ್ಕ ಇವೆಲ್ಲವೂ ಅದರಲ್ಲಿರುವುವು. ಎಂ. ರಂಗಾಚಾರ್ಯರು ಇದನ್ನು ಸಂಪಾದಿಸಿ, ೧೯೧೨ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರತಂದ ಮೇಲೆ ಹೊರದೇಶದ ಪಂಡಿತರೂ ಇದನ್ನು ತಿಳಿದರು. ೧೨ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಬರೆದನು. ಒಂದರ ಹೆಸರಿನಲ್ಲಿ ವ್ಯವಹಾರವೂ ಇನ್ನೊಂದರ ಹೆಸರಿನಲ್ಲಿ ಹೊಲದ ಅಳತೆಯೂ ಇರುವುದನ್ನು ಗಮನಿಸಬೇಕು. ಅಂಗಡಿಯಲ್ಲಿ ಕುಳಿತವನಿಗೂ ನೇಗಿಲು ಹಿಡಿದವನಿಗೂ ಬೇಕಾದ ವಿದ್ಯೆ ಇದೆಂದು ನಮ್ಮ ಹಿರಿಯರು ತಿಳಿದಿದ್ದರು.

ಕೂಲಿಮಠಗಳ ಕಾಲದಲ್ಲಿ ಹುಡುಗರು ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ಆಗ ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ. ಸಂತೆಯ ವ್ಯವಹಾರಕ್ಕೆ ಆ ಕಂಠಪಾಠವು ಅವಶ್ಯವಾಗಿತ್ತು. ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ಅಂದಿನಿಂದ ಕೂಡುವ ಕಳೆಯುವ ಕೆಲಸ ಸುಲಭವಾಯಿತು. ಈಗಂತೂ ಆ ಕೆಲಸವನ್ನು ಕೈಯೊಳಗಣ ಯಂತ್ರವೇ ಮಾಡುವುದು. ಆದುದರಿಂದ ಕೆಲವರು "ಇನ್ನು ಗಣಿತವೇಕೆ?" ಎಂದು ಕೇಳುವರು. ಯಂತ್ರವು ಕೂಡಬಲ್ಲುದು, ಯಾವುದನ್ನು ಯಾವುದಕ್ಕೆ ಕೂಡಬೇಕೆಂಬುದನ್ನು ಮನುಷ್ಯನೇ ತಿಳಿದಿರಬೇಕು. ಇಂದಿನ ಗಣಿತದ ಪಾಠವು ಈ ಎರಡನೆಯದನ್ನು ಕಲಿಸುವುದಕ್ಕಾಗಿ ಇರುವುದು.

ಇನ್ನು ಸಮುದಾಯ ಕಾಲೇಜಿನ ವಿಚಾರ. ಅಮೆರಿಕದ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ ೧೯೦೧ರಲ್ಲಿ ಆರಂಭವಾದ ವಿದ್ಯಾಲಯವು ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲಿ ಹಿರಿಯದು. ಊರಿನವರು ಮನೆಯಿಂದಲೇ ಹೋಗಿ ಬರುವಷ್ಟು ಹತ್ತಿರ, ಕಡಮೆ ಶುಲ್ಕ, ಎರಡು ವರ್ಷದ ಓದು, ಮುಗಿದ ಮೇಲೆ ಕೆಲಸಕ್ಕೆ ಹೋಗಬಹುದು ಅಥವಾ ವಿಶ್ವವಿದ್ಯಾನಿಲಯಕ್ಕೆ ಸೇರಬಹುದು: ಇದು ಆ ಕಾಲೇಜುಗಳ ಲಕ್ಷಣ. ಅಲ್ಲಿ ಗಣಿತವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವರು. ಮರೆತವರಿಗೆ ಅಂಕಗಣಿತದ ಪುನರಭ್ಯಾಸ, ಅನಂತರ ಬೀಜಗಣಿತ, ಅದರ ಮೇಲೆ ದಾದಿಯ ಕೆಲಸಕ್ಕೂ ವ್ಯಾಪಾರಕ್ಕೂ ಹೋಗುವವರಿಗೆ ಸಂಖ್ಯಾಶಾಸ್ತ್ರ, ಎಂಜಿನಿಯರಿಂಗಿಗೆ ಹೋಗುವವರಿಗೆ ತ್ರಿಕೋಣಮಿತಿ ಮತ್ತು ಕಲನಶಾಸ್ತ್ರ. ಹಗಲು ದುಡಿಯುವವರಿಗೆ ಸಂಜೆಯ ತರಗತಿಗಳೂ ಉಂಟು.

ಆ ದೇಶದವರು ಅನುಭವದಿಂದ ಕಲಿತ ಒಂದು ಸಂಗತಿಯನ್ನು ನಾವು ತಿಳಿಯುವುದು ಲೇಸು. ಗಣಿತದಲ್ಲಿ ಹಿಂದುಳಿದವರನ್ನು ಬಹಳ ಕೆಳಗಿನ ಮೆಟ್ಟಿಲಿಗೆ ಇಳಿಸಿ, ಒಂದಾದ ಮೇಲೊಂದರಂತೆ ಪುನರಭ್ಯಾಸದ ತರಗತಿಗಳಲ್ಲಿ ಕೂರಿಸಿದಾಗ, ಹೆಚ್ಚು ಮಂದಿ ಮೇಲಕ್ಕೆ ಬಾರದೆ ಅಲ್ಲಿಯೇ ಓದನ್ನು ಬಿಟ್ಟರು. ಇದನ್ನು ಕಂಡು ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೧೭ರಲ್ಲಿ ಒಂದು ಕಾನೂನನ್ನು ಮಾಡಿ, ಹುಡುಗನು ಪ್ರೌಢಶಾಲೆಯಲ್ಲಿ ಪಡೆದ ಅಂಕಗಳನ್ನು ನೋಡಿ ಸಾಧ್ಯವಾದ ಮಟ್ಟಿಗೆ ನೇರವಾಗಿ ಕಾಲೇಜಿನ ಗಣಿತಕ್ಕೇ ಸೇರಿಸಬೇಕು, ಬೇಕಾದ ಸಹಾಯವನ್ನು ಜೊತೆಜೊತೆಯಲ್ಲಿ ಕೊಡಬೇಕು ಎಂಬ ಪದ್ಧತಿಯನ್ನು ತಂದಿತು. "ನೀನು ದಡ್ಡ, ಮೊದಲಿನಿಂದ ಕಲಿ" ಎಂದು ಹಿಂದಕ್ಕೆ ತಳ್ಳುವುದಕ್ಕಿಂತ "ಮುಂದೆ ನಡೆ, ತೊಡರಿದಲ್ಲಿ ಕೈ ಹಿಡಿಯುವೆವು" ಎನ್ನುವುದು ಹೆಚ್ಚು ಫಲಕಾರಿ ಎಂಬುದೇ ಇದರ ತಾತ್ಪರ್ಯ. ತಾಯಿತಂದೆಗಳೂ ಈ ಮಾತನ್ನು ಮನಸ್ಸಿನಲ್ಲಿಡಬೇಕು.

ನಮ್ಮ ದೇಶದಲ್ಲಿಯೂ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೩ರಲ್ಲಿ ಸಮುದಾಯ ಕಾಲೇಜುಗಳ ಯೋಜನೆಯನ್ನು ಹೊರಡಿಸಿ, ಇರುವ ಕಾಲೇಜು ಪಾಲಿಟೆಕ್ನಿಕ್ಕುಗಳಲ್ಲಿಯೇ ಕಸುಬಿನ ಪಾಠಗಳಿಗೆ ಎಡೆಮಾಡಿತು. ನಮ್ಮ ನಾಡಿಗೆ ಈ ಭಾವನೆ ಅದಕ್ಕಿಂತ ಹಳೆಯದು; ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ೧೯೪೩ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯ ಉದ್ದೇಶವೂ ಕೈಗೆ ಕಸುಬನ್ನೂ ತಲೆಗೆ ವಿದ್ಯೆಯನ್ನೂ ಕೂಡಿಸಿ ಕೊಡುವುದೇ ಆಗಿತ್ತು. ಆದುದರಿಂದ 'ಸಮುದಾಯ ಕಾಲೇಜು' ಎಂಬ ಹಲಗೆಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ಅದರ ಕೆಲಸವನ್ನು ನಮ್ಮಲ್ಲಿ ಯಾವ ಯಾವ ವಿದ್ಯಾಲಯಗಳು ಮಾಡುತ್ತಿವೆ ಎಂಬುದನ್ನು ತಿಳಿಯುವುದು ಜಾಣತನ.

ಎಸ್. ಎಸ್. ಎಲ್. ಸಿ. ಆದವರಿಗೆ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಪಿ. ಯು. ಸಿ. ಇದರ ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರ, ಗಣಕವಿಜ್ಞಾನ, ವಿದ್ಯುನ್ಮಾನಶಾಸ್ತ್ರ, ಸಂಖ್ಯಾಶಾಸ್ತ್ರ ಇವುಗಳಲ್ಲೊಂದನ್ನು ಕಾಲೇಜಿನ ಅನುಕೂಲವನ್ನು ನೋಡಿ ಆರಿಸಿಕೊಳ್ಳಬಹುದು. ಮೊದಲ ವರ್ಷದಲ್ಲಿ ಗಣಗಳು, ತ್ರಿಕೋಣಮಿತಿ, ಶ್ರೇಢಿಗಳು, ಸರಳರೇಖೆ, ಸಂಭವನೀಯತೆ ಮೊದಲಾದುವು. ಎರಡನೆಯ ವರ್ಷದಲ್ಲಿ ಮಾತೃಕೆಗಳು, ಕಲನಶಾಸ್ತ್ರ, ಸದಿಶಗಳು, ಏಕಘಾತ ಯೋಜನೆ ಮೊದಲಾದುವು. ವಾಣಿಜ್ಯ ವಿಭಾಗಕ್ಕೆ ಹೋಗುವವರು ಮೂಲಗಣಿತವನ್ನಾಗಲಿ ಸಂಖ್ಯಾಶಾಸ್ತ್ರವನ್ನಾಗಲಿ ತೆಗೆದುಕೊಳ್ಳಲು ಅವಕಾಶವುಳ್ಳ ಕಾಲೇಜುಗಳುಂಟು; ಬ್ಯಾಂಕಿನ ಪರೀಕ್ಷೆಗಳಿಗೂ ಲೆಕ್ಕಪತ್ರದ ಕೆಲಸಕ್ಕೂ ಇದು ಬಹಳ ಉಪಕಾರಿ. ವಿಜ್ಞಾನವು ಭಾರವೆಂದು ತೋರಿದರೆ ಗಣಿತವನ್ನೇ ಬಿಡಬೇಕಾದುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡನೆಯದು ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ. ಎಸ್. ಎಸ್. ಎಲ್. ಸಿ. ಆದೊಡನೆಯೇ ಇದಕ್ಕೆ ಸೇರಬಹುದು. ಇಲ್ಲಿ ಗಣಿತವನ್ನು ಕಸುಬಿಗೆ ಹೊಂದಿಸಿ ಕಲಿಸುವುದರಿಂದ, ಪುಸ್ತಕದಲ್ಲಿ ಬೇಸರಪಟ್ಟ ಹುಡುಗರೂ ಯಂತ್ರದ ಮುಂದೆ ನಿಂತಾಗ ಅದರ ರುಚಿಯನ್ನು ಕಾಣುವುದುಂಟು. ಡಿಪ್ಲೊಮಾ ಮುಗಿಸಿದವರು ಪ್ರವೇಶಪರೀಕ್ಷೆ ಕೊಟ್ಟು ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೇ ಸೇರಬಹುದು. ಮೂರನೆಯದು ಐ. ಟಿ. ಐ.; ಅಲ್ಲಿಯೂ ಕಾರ್ಯಾಗಾರದ ಲೆಕ್ಕವೆಂಬುದು ಪಾಠದ ಒಂದು ಅಂಗವಾಗಿದೆ. ಪಿ. ಯು. ಸಿ.ಯ ಅನಂತರ ಪದವಿಯ ಓದು. ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು ೨೦೦೯ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿದುವು. ನಮ್ಮ ರಾಜ್ಯದಲ್ಲಿ ೨೦೨೧ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಕ್ರಮವನ್ನು ಕೈಬಿಟ್ಟು, ೨೦೨೪-೨೫ನೆಯ ಸಾಲಿನಿಂದ ಮರಳಿ ಮೂರು ವರ್ಷದ ಕ್ರಮವನ್ನು ತಂದಿರುವುದನ್ನು, ಹಿರಿಯ ಮಕ್ಕಳ ಕಾಲದ ಲೆಕ್ಕದಲ್ಲಿಯೇ ಇರುವ ಗೃಹಸ್ಥರು ತಿಳಿದುಕೊಳ್ಳಬೇಕು.

ಓದನ್ನು ನಡುವೆ ಬಿಟ್ಟವರಿಗೂ ದಾರಿಯುಂಟು. ಎಸ್. ಎಸ್. ಎಲ್. ಸಿ. ಮತ್ತು ಪಿ. ಯು. ಸಿ. ಪರೀಕ್ಷೆಗಳನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಸುವ ಪದ್ಧತಿ ಇದೆ. ಒಂದು ವಿಷಯದಲ್ಲಿ ತಪ್ಪಿದವನು ಇಡೀ ವರ್ಷ ಕಾದು ಕೂರಬೇಕಾಗಿಲ್ಲ. ೧೯೮೯ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಮನೆಯಲ್ಲಿದ್ದುಕೊಂಡೇ ಗಣಿತವನ್ನು ಓದಿ ಪರೀಕ್ಷೆ ಕೊಡಬಹುದು. ಬೇಕಾದ ಒಂದೆರಡು ವಿಷಯಗಳಿಗೆ ಮಾತ್ರ ಸೇರಿಕೊಳ್ಳುವ ಅನುಕೂಲವೂ ಅಲ್ಲಿದೆ. ಮೇಲಿನ ಓದಿಗೆ ೧೯೯೬ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವುಂಟು. ಇನ್ನು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸುಮಾರು ೧,೫೦೦ ಎಕರೆಯ ಎರಡನೆಯ ಆವರಣವನ್ನು ಹೊಂದಿ, ಅಲ್ಲಿ ಶಾಲೆ ಕಾಲೇಜುಗಳ ವಿಜ್ಞಾನ ಮತ್ತು ಗಣಿತದ ಉಪಾಧ್ಯಾಯರಿಗೆ ತರಬೇತಿ ಕೊಡುತ್ತಿದೆ. ಬಯಲುಸೀಮೆಯ ಆ ಮೂಲೆಗೆ ನಾಡಿನ ಉಪಾಧ್ಯಾಯರು ಲೆಕ್ಕ ಕಲಿಸುವ ಬಗೆಯನ್ನು ಕಲಿಯಲು ಬರುತ್ತಿರುವಾಗ, ಪಕ್ಕದ ತಾಲ್ಲೂಕಿನ ಮಕ್ಕಳು ಲೆಕ್ಕಕ್ಕೆ ಹೆದರಿ ದೂರ ಸರಿಯುವುದು ಯುಕ್ತವೇ?

"ಮನೆಗೆ ಏನು ಪ್ರಯೋಜನ?" ಎಂಬ ಪ್ರಶ್ನೆಗೆ ಈಗ ಬರೋಣ. ಹಿಂದೆ ಹೇಳಿದ ೨೫೬ನ್ನೇ ತೆಗೆದುಕೊಳ್ಳಿ. ಒಂದನ್ನು ಎಂಟು ಸಲ ಇಮ್ಮಡಿಸಿದರೆ ೨, ೪, ೮, ೧೬, ೩೨, ೬೪, ೧೨೮, ೨೫೬ ಎಂದು ಆ ಸಂಖ್ಯೆ ಬರುವುದು. ಊರಿನಲ್ಲಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ಯಾರಿಗೂ ಭಯವಾಗುವುದಿಲ್ಲ. ಆದರೆ ಬಡ್ಡಿಯನ್ನು ಕೊಡದೆ ತಿಂಗಳು ತಿಂಗಳೂ ಅಸಲಿಗೆ ಸೇರಿಸುತ್ತ ಹೋದರೆ, ಸಾಲವು ೩೫ ತಿಂಗಳಲ್ಲಿ ಇಮ್ಮಡಿಯಾಗುವುದು. ಇನ್ನು ೩೫ ತಿಂಗಳಲ್ಲಿ ನಾಲ್ಮಡಿ. ಹೀಗೆ ಎಂಟು ಸಲ ಇಮ್ಮಡಿಸಲು ೨೮೦ ತಿಂಗಳು, ಅಂದರೆ ೨೩ ವರ್ಷ ೪ ತಿಂಗಳು. ತಂದೆ ಮಾಡಿದ ನೂರು ರೂಪಾಯಿ ಸಾಲವು ಮಗನ ಪ್ರಾಯದ ಹೊತ್ತಿಗೆ ಸುಮಾರು ೨೫,೬೦೦ ರೂಪಾಯಿಯಾಗಿ ನಿಲ್ಲುವುದು. ಅಷ್ಟೇ ಕಾಲಕ್ಕೆ ಸರಳ ಬಡ್ಡಿಯಾದರೆ ಅಸಲು ಬಡ್ಡಿ ಸೇರಿ ೬೬೦ ರೂಪಾಯಿ. ಸರಳಬಡ್ಡಿ ಚಕ್ರಬಡ್ಡಿಗಳ ಅಂತರವನ್ನು ತಿಳಿದ ಮಗಳು ಮನೆಯಲ್ಲಿದ್ದರೆ, ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಒಂದು ಮಾತನ್ನು ಕೇಳಬಲ್ಲಳು.

ಇನ್ನೊಂದು ಉದಾಹರಣೆ. ೧೦,೦೦೦ ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇಕಡಾ ೧೨ರಂತೆ ೧,೨೦೦ ರೂಪಾಯಿ ಬಡ್ಡಿ ಹಿಡಿದು, ಒಟ್ಟು ೧೧,೨೦೦ ರೂಪಾಯಿಗಳನ್ನು ೧೨ ಸಮ ಕಂತುಗಳಲ್ಲಿ ಕಟ್ಟಿಸಿಕೊಂಡರೆಂದು ಇಟ್ಟುಕೊಳ್ಳಿ. ಕೇಳುವುದಕ್ಕೆ ನೂರಕ್ಕೆ ಹನ್ನೆರಡು. ಆದರೆ ಮೊದಲ ತಿಂಗಳಲ್ಲಿ ಮಾತ್ರ ಪೂರ್ಣ ಹತ್ತು ಸಾವಿರವು ನಮ್ಮ ಕೈಯಲ್ಲಿರುವುದು. ಕಂತಿಗೊಮ್ಮೆ ಅಸಲು ಕರಗುತ್ತ ಬಂದು, ಕೊನೆಯ ತಿಂಗಳಲ್ಲಿ ಉಳಿಯುವುದು ಸುಮಾರು ೮೩೩ ರೂಪಾಯಿ. ಸರಾಸರಿಯಾಗಿ ನಾವು ಬಳಸಿದ ಹಣ ಸುಮಾರು ೫,೪೧೭ ರೂಪಾಯಿ. ಅದಕ್ಕೆ ೧,೨೦೦ ರೂಪಾಯಿ ಬಡ್ಡಿ ಎಂದರೆ ಶೇಕಡಾ ಸುಮಾರು ೨೨ ಆಯಿತು. ಮೋಸವೆನ್ನಲು ಇಲ್ಲಿ ಏನೂ ಇಲ್ಲ. ಎಲ್ಲವೂ ಕಾಗದದ ಮೇಲೆ ಬರೆದದ್ದೇ. ಲೆಕ್ಕ ಬಲ್ಲವನು ಅದನ್ನು ಓದಿಕೊಳ್ಳುವನು. ಬಾರದವನು ಸಹಿ ಹಾಕುವನು. ಗಾಡಿ, ಯಂತ್ರ, ಹೊಲಿಗೆಯ ಯಂತ್ರಗಳನ್ನು ಕಂತಿನ ಮೇಲೆ ಕೊಳ್ಳುವ ಈ ಕಾಲದಲ್ಲಿ ಇಷ್ಟು ಗಣಿತವು ಅಡುಗೆಮನೆಯ ಉಪ್ಪಿನಷ್ಟೇ ಅವಶ್ಯ.

ಹೊಲಕ್ಕೆ ಹೋದರೆ ಸಂಖ್ಯಾಶಾಸ್ತ್ರವು ಜೊತೆಗೆ ಬರುವುದು. ಕಲ್ಪನೆಗಾಗಿ, ಒಂದು ಊರಿನಲ್ಲಿ ಐದು ವರ್ಷಗಳ ಮಳೆಯು ೩೦೦, ೩೨೦, ೩೧೦, ೩೩೦, ೯೪೦ ಮಿಲಿಮೀಟರ್ ಎಂದಿರಲಿ. ಸರಾಸರಿ ೪೪೦. ಸರಾಸರಿಯನ್ನು ನಂಬಿ ಬಿತ್ತಿದವನು ಐದರಲ್ಲಿ ನಾಲ್ಕು ವರ್ಷ ಕೆಡುವನು. ಏಕೆಂದರೆ ಆ ನಾಲ್ಕು ವರ್ಷಗಳಲ್ಲಿಯೂ ಮಳೆ ಅಷ್ಟು ಬಂದೇ ಇಲ್ಲ. ಅಂಕಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಹಿಡಿದರೆ ೩೨೦ ಬರುವುದು. ಅದು ಸತ್ಯಕ್ಕೆ ಹತ್ತಿರ. ಚಳ್ಳಕೆರೆ ಮೊಳಕಾಲ್ಮೂರುಗಳಂಥ ಮಳೆ ಕಡಮೆಯಾದ ಸೀಮೆಯಲ್ಲಿ ಶೇಂಗಾ ಬಿತ್ತುವವನಿಗೆ ಈ ಭೇದವು ಪುಸ್ತಕದ ಮಾತಲ್ಲ, ಅನ್ನದ ಮಾತು. ಇದೇ ಶಾಸ್ತ್ರದಲ್ಲಿ ಜಗತ್ತಿನ ಅಗ್ರಗಣ್ಯರಲ್ಲೊಬ್ಬರೆನಿಸಿದ ಸಿ. ಆರ್. ರಾವ್ ಅವರು ಹುಟ್ಟಿದುದು ೧೯೨೦ರಲ್ಲಿ, ಈ ಸೀಮೆಗೆ ದೂರವಲ್ಲದ ಹೂವಿನ ಹಡಗಲಿಯಲ್ಲಿ. ೨೦೨೩ರಲ್ಲಿ, ತಮ್ಮ ನೂರಎರಡನೆಯ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನವು ದೊರೆಯಿತು.

ಹಾಗಾದರೆ ಮಕ್ಕಳು ಗಣಿತಕ್ಕೆ ಹೆದರುವುದೇಕೆ? ಬುದ್ಧಿಯ ಕೊರತೆಯಿಂದಲ್ಲ. ಮುಖ್ಯವಾದ ಕಾರಣಗಳಲ್ಲಿ ಒಂದು ಭಾಷೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗುವು ಪಿ. ಯು. ಸಿ. ವಿಜ್ಞಾನಕ್ಕೆ ಸೇರಿದೊಡನೆ ಬಹುಮಟ್ಟಿಗೆ ಇಂಗ್ಲಿಷ್ ಪಾಠವನ್ನು ಎದುರಿಸುವುದು. ಲೆಕ್ಕ ಅದೇ, ಹೆಸರುಗಳು ಬೇರೆ. ಬೇಸಗೆಯ ಎರಡು ತಿಂಗಳಲ್ಲಿ ದಿನಕ್ಕೆ ಐದು ಶಬ್ದಗಳಂತೆ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಎಂದು ಪುಸ್ತಕದಲ್ಲಿ ಬರೆಸಿದರೆ, ಕಾಲೇಜು ತೆರೆಯುವ ಹೊತ್ತಿಗೆ ಮುನ್ನೂರು ಶಬ್ದಗಳು ಕೈವಶವಾಗುವುವು. ಇದಕ್ಕೆ ಕಾಸಿನ ಖರ್ಚಿಲ್ಲ. ಎರಡನೆಯ ಕಾರಣ ಭಿನ್ನರಾಶಿ. ಐದನೆಯ ಆರನೆಯ ತರಗತಿಯ ಭಿನ್ನರಾಶಿಯು ಸರಿಯಾಗಿ ಬಾರದವರಿಗೆ ಮುಂದಿನ ಬೀಜಗಣಿತವು ಕಲ್ಲಾಗುವುದು. ನಾಚಿಕೆಪಡದೆ ಆ ಹಳೆಯ ಪುಸ್ತಕವನ್ನು ತೆಗೆದು ಹದಿನೈದು ದಿನ ಅಭ್ಯಾಸ ಮಾಡಿದರೆ ಸಾಕು. ಆದರೆ ಇದು ಮುಂದಿನ ಪಾಠದ ಜೊತೆಯಲ್ಲಿ ನಡೆಯಬೇಕೇ ಹೊರತು ಮುಂದಿನ ಪಾಠವನ್ನು ನಿಲ್ಲಿಸಿಯಲ್ಲ.

ಮೂರನೆಯ ಕಾರಣವು ಮನೆಯಲ್ಲಿಯೇ ಇದೆ. "ನಮ್ಮ ವಂಶದಲ್ಲಿ ಯಾರಿಗೂ ಲೆಕ್ಕ ಬಾರದು" ಎಂಬ ಮಾತನ್ನು ಮಕ್ಕಳ ಎದುರಿಗೆ ಆಡುವ ಹಿರಿಯರಿಗೆ ಅದರ ಕೇಡು ತಿಳಿಯದು. ಮಗ್ಗದ ಮುಂದೆ ಕುಳಿತು ಹಾಸಿನ ಎಳೆಗಳನ್ನು ಎಣಿಸಿ, ಅಂಚಿನ ಹೂವನ್ನು ಒಂದೂ ತಪ್ಪದಂತೆ ಸೆರಗಿನವರೆಗೆ ತರುವವರ ಮನೆಯಲ್ಲಿ ಲೆಕ್ಕ ಬಾರದೆಂಬುದು ಹೇಗೆ ನಿಜವಾದೀತು? ಆ ತಾಯಿಯು ಲೆಕ್ಕವನ್ನು ಮಾಡುತ್ತಲೇ ಇದ್ದಾಳೆ. ಅದಕ್ಕೆ ಗಣಿತವೆಂಬ ಹೆಸರುಂಟೆಂದು ಯಾರೂ ಅವಳಿಗೆ ಹೇಳಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಎರಡರಷ್ಟು ಕೇಡು ಮಾಡುವುದು. ಹುಡುಗನು ನಲವತ್ತು ಅಂಕ ತಂದರೆ "ಮುಂದೆ ಸುಧಾರಿಸುವನು" ಎನ್ನುವೆವು. ಹುಡುಗಿಯು ಅಷ್ಟೇ ತಂದರೆ "ಅವಳಿಗೆ ಆಗದು" ಎನ್ನುವೆವು. ಅಂಕ ಒಂದೇ, ತೀರ್ಪು ಎರಡು. ಅವಳು ಗಣಿತವನ್ನು ಬಿಟ್ಟ ದಿನವೇ ಎಂಜಿನಿಯರಿಂಗ್ ಪದವಿ, ಗಣಿತದ ಬಿ. ಎಸ್ಸಿ., ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸುವ ಕೆಲಸ ಇವುಗಳ ಬಾಗಿಲುಗಳು ಒಟ್ಟಿಗೇ ಮುಚ್ಚುವುವು. ಗಣಿತವನ್ನು ಓದಿದವಳು ಆಮೇಲೆ ಕಲೆಗಾಗಲಿ ವಾಣಿಜ್ಯಕ್ಕಾಗಲಿ ಹೋಗಬಹುದು. ಬಿಟ್ಟವಳು ಮರಳಿ ಬರುವುದು ಕಷ್ಟ. ಹೋಗಿ ಬರುವ ದಾರಿಯನ್ನು ಬಿಟ್ಟು, ಬಾರದ ದಾರಿಯನ್ನು ಮೊದಲೇ ಹಿಡಿಸುವುದೇಕೆ?

ಸಿದ್ದಾಪುರದ ಗೃಹಸ್ಥರಿಗೆ ನಮ್ಮ ಸಲಹೆ ಇಷ್ಟು. ಮಗಳನ್ನು ಕರೆದು ಮೊದಲು ಅವಳ ಇಷ್ಟವನ್ನು ಕೇಳಿರಿ. ಅವಳಿಗೆ ವಿಜ್ಞಾನದಲ್ಲಿ ಆಸೆಯಿದ್ದರೆ ಗಣಿತವಿರುವ ವಿಭಾಗಕ್ಕೇ ಸೇರಿಸಿರಿ. ಆಸೆಯಿಲ್ಲದಿದ್ದರೆ ವಾಣಿಜ್ಯದಲ್ಲಿ ಮೂಲಗಣಿತವನ್ನಾಗಲಿ ಸಂಖ್ಯಾಶಾಸ್ತ್ರವನ್ನಾಗಲಿ ಕೊಡಿಸಿರಿ. ಸೇರಿಸುವ ಮೊದಲು ಆ ಕಾಲೇಜಿನಲ್ಲಿ ಆ ವಿಷಯವಿದೆಯೇ, ಕಲಿಸುವ ಉಪಾಧ್ಯಾಯರು ಇದ್ದಾರೆಯೇ, ಸಂಜೆ ಮರಳುವ ಬಸ್ಸು ಎಷ್ಟು ಹೊತ್ತಿಗೆ ಎಂಬ ಮೂರನ್ನೂ ತಾವೇ ಹೋಗಿ ವಿಚಾರಿಸಿರಿ. ಇವುಗಳಲ್ಲಿ ಮೂರನೆಯದು ಎಷ್ಟೋ ಹೆಣ್ಣುಮಕ್ಕಳ ಓದನ್ನು ನಿಲ್ಲಿಸಿದೆ. ಮಗನು ಬೆಳಗ್ಗೆ ಮಗ್ಗ, ರಾತ್ರಿ ಒಂದೂವರೆ ಗಂಟೆ ಓದು ಎಂದು ನಿಯಮವಿಟ್ಟುಕೊಂಡು, ಮೊದಲು ಮಾತೃಕೆ ಮತ್ತು ಏಕಘಾತ ಯೋಜನೆಗಳಂಥ, ಹಿಂದಿನ ಪಾಠಗಳನ್ನು ಹೆಚ್ಚಾಗಿ ಬೇಡದ ಅಧ್ಯಾಯಗಳನ್ನು ಹಿಡಿಯಲಿ. ಅವುಗಳಲ್ಲಿ ಧೈರ್ಯ ಬಂದ ಮೇಲೆ ಕಲನಶಾಸ್ತ್ರಕ್ಕೆ ಕೈಯಿಡಲಿ. ಒಂದು ಪರೀಕ್ಷೆಯಲ್ಲಿ ಆಗದಿದ್ದರೆ ಅದೇ ವರ್ಷದಲ್ಲಿ ಮತ್ತೊಂದು ಇದೆ. ಅದೂ ಬೇಡವೆನಿಸಿದರೆ ಎಸ್. ಎಸ್. ಎಲ್. ಸಿ.ಯ ಬಲದ ಮೇಲೆಯೇ ಡಿಪ್ಲೊಮಾ ಸೇರಬಹುದು. ಮಗ್ಗದಲ್ಲಿ ಕಳೆದ ಎರಡು ವರ್ಷಗಳು ವ್ಯರ್ಥವಾದುವೆಂದು ಅವನು ತಿಳಿಯಬಾರದು. ತಾಳ್ಮೆಯನ್ನು ಅಷ್ಟು ಚೆನ್ನಾಗಿ ಕಲಿಸುವ ಶಾಲೆ ಬೇರೊಂದಿಲ್ಲ.

ಕೊನೆಯಲ್ಲಿ, ಮನೆಯವರೆಲ್ಲರೂ ಸೇರಿ ಬಿಡಿಸಲು ಒಂದು ಲೆಕ್ಕ. ಒಂದು ಸೀರೆಯ ಅಂಚಿನ ಚಿತ್ರವು ೪೮ ಹೊಕ್ಕಿನ ಎಳೆಗಳಿಗೊಮ್ಮೆ ಮರಳಿ ಬರುವುದು. ಒಡಲಿನ ಬುಟ್ಟಾ ೩೬ ಎಳೆಗಳಿಗೊಮ್ಮೆ ಬರುವುದು. ಎರಡನ್ನೂ ಒಂದೇ ಎಳೆಯಲ್ಲಿ ಆರಂಭಿಸಿದರೆ, ಮತ್ತೆ ಎಷ್ಟನೆಯ ಎಳೆಯ ಅನಂತರ ಅವು ಜೊತೆಯಾಗಿ ಆರಂಭವಾಗುವುವು? ಅಷ್ಟರೊಳಗೆ ಅಂಚಿನ ಚಿತ್ರವು ಎಷ್ಟು ಸಲ, ಬುಟ್ಟಾ ಎಷ್ಟು ಸಲ ಬಂದಿರುವುದು? ಕಾಗದ ಪೆನ್ಸಿಲು ಹಿಡಿದ ಮಕ್ಕಳೊಡನೆ ಮಗ್ಗ ಬಲ್ಲ ಅಜ್ಜಿಯೂ ಸ್ಪರ್ಧಿಸಲಿ. ಅಜ್ಜಿಯೇ ಮೊದಲು ಹೇಳಿದರೆ ಮಕ್ಕಳು ಬೆರಗಾಗಬಾರದು. ಉತ್ತರವನ್ನು ಮುಂದಿನ ತಿಂಗಳು ಕೊಡುವೆವು.